ಕೆರೆಗೆ ಬೇಲಿ, ಮಕ್ಕಳಿಗೆ ಹೊಳೆ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯುತ್ತದೆ. ಅಲ್ಲಿಂದ ಮಳೆ ಹಿಡಿಯುವವರೆಗೆ ನಾವು ವರದಿಗಾರರು ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಬರೆಯುತ್ತೇವೆ. ‘ಈಜಲು ತೆರಳಿದ್ದ ವಿದ್ಯಾರ್ಥಿ ನೀರುಪಾಲು.’ ಹೆಸರು, ವಯಸ್ಸು, ಊರು ಮಾತ್ರ ಬದಲು. ಉಳಿದದ್ದೆಲ್ಲ ಅದೇ: ಸ್ನೇಹಿತರ ಜೊತೆ ಬಂದಿದ್ದ, ಆಳ ಗೊತ್ತಾಗಲಿಲ್ಲ, ಅಗ್ನಿಶಾಮಕ ದಳ ಮತ್ತು ಸ್ಥಳೀಯ ಮುಳುಗುತಜ್ಞರು ಹುಡುಕಿದರು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಹತ್ತು ನಿಮಿಷದ ಕೆಲಸ. ಹೇಳಲು ನಾಚಿಕೆ, ಹಳೆಯ ವರದಿಯನ್ನೇ ತೆರೆದು ಹೆಸರು ತಿದ್ದಿ ಕಳಿಸಿದ್ದೂ ಉಂಟು.

ಆ ವರದಿಯಲ್ಲಿ ನಾವು ಯಾವತ್ತೂ ಬರೆಯದ ಒಂದು ಸಾಲಿದೆ. ಆ ಹುಡುಗನಿಗೆ ಈಜು ಬರುತ್ತಿತ್ತೇ? ಬರದಿದ್ದರೆ, ಕಲಿಯಲು ಅವನಿಗೆ ಎಲ್ಲಿ ಜಾಗ ಇತ್ತು?

ರಾಮಕುಂಜದಲ್ಲಿ ಕೂತು ಈ ಪ್ರಶ್ನೆ ಕೇಳಿದರೆ ನಗು ಬರಬಹುದು. ಇಲ್ಲಿ ನೀರಿಗೇನು ಬರ ಮಾರಾಯ್ರೆ? ಆಚೆ ಕುಮಾರಧಾರಾ ಇದೆ. ಕೆಳಗೆ ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಸೇರುತ್ತದೆ. ತೋಟಕ್ಕೊಂದು ಕೆರೆ, ಮನೆಗೊಂದು ಬಾವಿ. ನಮ್ಮ ಪ್ರಾಯದವರಲ್ಲಿ ಹೆಚ್ಚಿನವರು ಕಲಿತದ್ದು ತೋಟದ ಕೆರೆಯಲ್ಲೇ. ಎರಡು ಒಣ ತೆಂಗಿನಕಾಯಿ ಕಟ್ಟಿ ಸೊಂಟದ ಅಡಿಗೆ ಕೊಡುತ್ತಿದ್ದರು, ಇಲ್ಲವಾದರೆ ಬಾಳೆದಿಂಡು. ಮಾವನೋ ದೊಡ್ಡಪ್ಪನೋ ಕಟ್ಟೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಕಣ್ಣಿಟ್ಟಿರುತ್ತಿದ್ದರು. ಅದೇ ತರಬೇತಿ, ಅವರೇ ಜೀವರಕ್ಷಕರು.

ಆ ಕೆರೆ ಈಗ ಎಲ್ಲಿದೆ? ಕೊಳವೆಬಾವಿ ಬಂದ ಮೇಲೆ ಅರ್ಧ ಕೆರೆಗಳು ಕೆಸರು ತುಂಬಿ ಮುಚ್ಚಿಹೋದವು. ಹೊಸದಾಗಿ ಬಂದದ್ದು ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಅದು ನೋಡಲು ಈಜುಕೊಳದ ಹಾಗೆ, ಬಿದ್ದರೆ ಮಾತ್ರ ಹತ್ತಲಾಗದು. ಇಳಿಜಾರು ಗೋಡೆಯ ಮೇಲೆ ಪಾಚಿ ಹಿಡಿದ ಹಾಳೆ, ಕೈಗೆ ಹಿಡಿಯಲು ಒಂದು ಬೇರೂ ಸಿಗದು. ಇನ್ನು ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಗಳು. ಮಳೆಗಾಲದಲ್ಲಿ ತುಂಬಿ ಹಸಿರು ನೀರು ನಿಂತರೆ ಎಷ್ಟು ಆಳ ಎಂದು ಕಡಿದವನಿಗೂ ನೆನಪಿರುವುದಿಲ್ಲ. ಹೊಳೆಯಾದರೂ ಹಳೆಯ ಹೊಳೆಯೇ? ಮರಳು ತೆಗೆದಲ್ಲಿ ಗುಂಡಿ. ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿದ ಮೇಲೆ ಮೊಣಕಾಲು ನೀರಿದ್ದ ಜಾಗದಲ್ಲಿ ಆಳು ಮುಳುಗುವ ನೀರು. ಹೋದ ವರ್ಷ ದಾಟಿದ ಜಾಗವೇ ಈ ವರ್ಷ ಎಳೆದುಕೊಳ್ಳುತ್ತದೆ. ಕಟ್ಟೆಯಲ್ಲಿ ಕೂರುವ ಮಾವ ಮಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ.

ಹಾಗಾಗಿ ಸುತ್ತ ನೀರಿದ್ದೂ ನಮ್ಮ ಮಕ್ಕಳಿಗೆ ಈಜು ಬಾರದು. ಕಲಿಸಬೇಕೆಂದರೆ ಪುತ್ತೂರಿನ ಬಾಲವನಕ್ಕೆ ಕರೆದುಕೊಂಡು ಹೋಗಬೇಕು. ಶಿವರಾಮ ಕಾರಂತರ ಆ ಜಾಗದಲ್ಲಿರುವ ಕೊಳ ಒಳ್ಳೆಯದೇ, ಅಲ್ಲಿ ಕಲಿತು ದೊಡ್ಡ ಸ್ಪರ್ಧೆಗಳಿಗೆ ಹೋದವರಿದ್ದಾರೆ. ಆದರೆ ರಾಮಕುಂಜದ ಕೂಲಿಯವರ ಮಗಳು ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ಶುಲ್ಕ ಕಟ್ಟಿ, ಈಜುಡುಗೆ ಕೊಂಡು ದಿನಾ ಹೋಗುವುದುಂಟೇ?

ಈಗ ನಗರದ ಕಡೆ ನೋಡೋಣ. ನಮ್ಮ ಪಂಚಾಯತಿನವರು ಎಲ್ಲವನ್ನೂ ಕಲಿಯುವುದು ಅಲ್ಲಿಂದ. ಕೆರೆ ಎಂದರೆ ಏನು ಎಂಬುದನ್ನೂ ಅಲ್ಲಿಂದಲೇ ಕಲಿತಿದ್ದಾರೆ.

ಮಂಗಳೂರಿನ ಮಂಗಳಾದೇವಿ ಹತ್ತಿರ ಗುಜ್ಜರಕೆರೆ ಇದೆ. ಹಳೆಯ ಕೆರೆ, ತೀರ್ಥವೆಂದು ಕರೆಯುತ್ತಾರೆ. ಒಳಚರಂಡಿ ನೀರು ಇದಕ್ಕೆ ಸೇರುತ್ತಿದೆ ಎಂದು ಅಲ್ಲಿನ ನಾಗರಿಕರು ವರ್ಷಗಟ್ಟಲೆ ಹೋರಾಡಿದ್ದಾರೆ. ಸ್ಮಾರ್ಟ್ ಸಿಟಿ ಹಣ ಬಂತು. ದಡ ಕಟ್ಟಿದರು, ಸುತ್ತ ನಡೆಯುವ ದಾರಿ ಮಾಡಿದರು. ಸುತ್ತ ನಡೆಯಬಹುದು. ನೀರಿಗೆ ಇಳಿಯುವ ವಿಷಯ ಯೋಜನೆಯಲ್ಲೇ ಇಲ್ಲ.

ಅಲ್ಲಿಂದ ಸ್ವಲ್ಪ ದೂರದ ಎಮ್ಮೆಕೆರೆಯಲ್ಲಿ ಅದೇ ಸ್ಮಾರ್ಟ್ ಸಿಟಿ ಯೋಜನೆಯಿಂದ ಅಂತಾರಾಷ್ಟ್ರೀಯ ಮಟ್ಟದ ಈಜುಕೊಳ ಬಂತು. 2023ರ ನವೆಂಬರಿನಲ್ಲಿ ಉದ್ಘಾಟನೆ, ಸುಮಾರು 25 ಕೋಟಿ ರೂಪಾಯಿ, 50 ಮೀಟರ್ ಉದ್ದದ ಕೊಳ. ಸ್ಪರ್ಧೆಗೆ ಅಂಥ ಕೊಳ ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹೆಸರು ನೋಡಿ. ಎಮ್ಮೆ ಹೆಸರಿನಲ್ಲೂ ಒಂದು ಕೆರೆ ಇಟ್ಟುಕೊಂಡಿದ್ದ ಊರಿದು. ಇವತ್ತು ಅಲ್ಲಿ ಮನುಷ್ಯ ಇಳಿಯಬೇಕಾದರೆ ಟೈಲ್ಸ್, ಕ್ಲೋರಿನ್ ಮತ್ತು ರಶೀದಿ ಬೇಕು.

ಬೆಂಗಳೂರಿನಲ್ಲಿ ಇದು ಇನ್ನೂ ಸ್ಪಷ್ಟ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಇದೆ, ಅದರ ಪಕ್ಕದಲ್ಲೇ ಈಜುಕೊಳ. ಹಲಸೂರು ಕೆರೆ ಇದೆ, ಅದರ ಪಕ್ಕದಲ್ಲೂ ಈಜುಕೊಳ. ನಾಗವಾರ ಕೆರೆಯ ದಡವನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಾಗ ಅವರು ಮಾಡಿದ್ದೇನು? ಅಷ್ಟು ದೊಡ್ಡ ಕೆರೆಯ ದಡದಲ್ಲಿ ಕೃತಕ ಅಲೆಯ ಕೊಳ ಕಟ್ಟಿ ಟಿಕೆಟ್ ಇಟ್ಟರು. ಹೊಳೆಯ ಬದಿಯಲ್ಲಿ ಕೂತು ಬಾಟಲಿ ನೀರು ಮಾರಿದ ಹಾಗೆ. ಕೆರೆಗಳನ್ನು ಹೀಗೆ ಖಾಸಗಿಗೆ ಒಪ್ಪಿಸುವುದರ ವಿರುದ್ಧ 2012ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು.

ಕೆರೆ ಪಕ್ಕ ಕೊಳ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಕೆರೆಯ ನೀರಲ್ಲೇ ಇದೆ. ಹಲಸೂರು ಕೆರೆಯಲ್ಲಿ 2016ರ ಮಾರ್ಚಿನಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಹಿಡಿಯಿತು, 2018ರ ಜನವರಿಯಲ್ಲಿ ಮತ್ತೆ. ನೀರಿಗೆ ಬೆಂಕಿ ಬಿದ್ದದ್ದನ್ನು ನಮ್ಮ ಅಜ್ಜಿಗೆ ಹೇಳಿದಾಗ ಯಕ್ಷಗಾನ ಪ್ರಸಂಗ ಎಂದುಕೊಂಡರು.

ನಮ್ಮ ವಾದ ಇಷ್ಟೇ: ಯಾರೂ ಇಳಿಯದ ನೀರು ಹಾಳಾದರೆ ಯಾರಿಗೂ ತುರ್ತಿಲ್ಲ. ದಡದಲ್ಲಿ ನಡೆಯುವವನು ಮೂಗಿಗೆ ಕರವಸ್ತ್ರ ಹಿಡಿದು ಇನ್ನೊಂದು ಸುತ್ತು ಹೋಗುತ್ತಾನೆ. ಅದೇ ನೀರಿಗೆ ಬೆಳಿಗ್ಗೆ ಐವತ್ತು ಮಕ್ಕಳು ಇಳಿಯುವುದಾದರೆ? ಚರಂಡಿಯ ಒಂದು ಕೊಳವೆ ಸೋರಿದರೂ ಐವತ್ತು ಅಮ್ಮಂದಿರು ಪಾಲಿಕೆಯ ಬಾಗಿಲಲ್ಲಿ ಇರುತ್ತಾರೆ. ಶುದ್ಧ ಮಾಡಿ ಆಮೇಲೆ ತೆರೆಯುತ್ತೇವೆ ಎಂದು ಹೇಳುವವರು ಎಂದೂ ತೆರೆಯುವುದಿಲ್ಲ. ತೆರೆಯುವ ದಿನಾಂಕ ಮೊದಲು ಹೇಳಿ. ಆಗ ಶುದ್ಧ ಮಾಡಲೇಬೇಕಾಗುತ್ತದೆ.

ಪ್ಯಾರಿಸಿನಲ್ಲಿ ಆದದ್ದು ಇದೇ. ಅಲ್ಲಿನ ಸೀನ್ ನದಿಗೆ ಇಳಿಯಬಾರದು ಎಂದು ನಿಷೇಧ ಬಂದದ್ದು 1923ರಲ್ಲಿ. ನಮ್ಮಲ್ಲಿ ಹಳಬರು ಹೇಳುವ ಮಾರಿಬೊಳ್ಳ ಬಂದು ನೇತ್ರಾವತಿ ದಡದ ಪೇಟೆಗಳೆಲ್ಲ ಮುಳುಗಿದ ವರ್ಷವೂ ಅದೇ. ನೂರು ವರ್ಷ ಆ ನಿಷೇಧ ಇತ್ತು. 2024ರ ಒಲಿಂಪಿಕ್ಸ್‌ಗೆ ಈಜುಗಾರರನ್ನು ಅಲ್ಲೇ ಇಳಿಸುತ್ತೇವೆ ಎಂದು ಲೋಕಕ್ಕೆಲ್ಲ ಮಾತು ಕೊಟ್ಟ ಮೇಲೆ ಸುಮಾರು 140 ಕೋಟಿ ಯೂರೊ ಸುರಿದು ಚರಂಡಿ ಸರಿ ಮಾಡಿದರು. 2025ರ ಜುಲೈ 5ರಂದು ಮೂರು ಜಾಗಗಳಲ್ಲಿ ಸಾಮಾನ್ಯ ಜನರಿಗೆ ಬಿಟ್ಟರು. ಮರುದಿನವೇ ಮಳೆ ಬಂದು ನೀರು ಕೆಟ್ಟಿತೆಂದು ಮುಚ್ಚಿದರು, ಸರಿಯಾದ ಮೇಲೆ ಮತ್ತೆ ತೆರೆದರು. ದಿನಾ ಪರೀಕ್ಷೆ, ಇಳಿಯಬಹುದೋ ಇಲ್ಲವೋ ಎಂದು ಹೇಳಲು ಬಣ್ಣದ ಬಾವುಟ. ಅಷ್ಟೇ ವ್ಯವಸ್ಥೆ.

ಅದು ಪ್ಯಾರಿಸ್, ನಮಗೆಲ್ಲಿ ಎನ್ನಬೇಡಿ. ಪಡುಬಿದ್ರಿಗೆ ಹೋಗಿ ನೋಡಿ. 2020ರಲ್ಲಿ ಅಲ್ಲಿನ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದು ಸಿಗಬೇಕಾದರೆ ನೀರಿನ ಪರೀಕ್ಷೆ ಮಾಡಿ ಫಲಿತಾಂಶ ಬೋರ್ಡಿನಲ್ಲಿ ಹಾಕಬೇಕು, ಜೀವರಕ್ಷಕರು ಇರಬೇಕು. ಅಲೆ ಹೊಡೆಯುವ ಸಮುದ್ರಕ್ಕೆ ಇದೆಲ್ಲ ಮಾಡಲು ಬರುವ ಕರಾವಳಿಗೆ ಅಲುಗಾಡದ ಕೆರೆಗೆ ಮಾಡಲು ಬರುವುದಿಲ್ಲವೇ?

ಅಳತೆಗೋಲೂ ಹೊಸದಾಗಿ ಹುಡುಕಬೇಕಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಯಿಂದ ಇ ವರೆಗೆ ವಿಂಗಡಿಸಿದೆ. ಸ್ನಾನಕ್ಕೆ, ಈಜಿಗೆ ಬೇಕಾದದ್ದು ಬಿ ವರ್ಗ: 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯ 500 ಮೀರಬಾರದು, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಿಮೆಯಾಗಬಾರದು, ಕೊಳೆಯ ಅಳತೆಯಾದ ಬಿಒಡಿ 3 ಮಿಲಿಗ್ರಾಮ್ ದಾಟಬಾರದು. ಮೂರು ಅಂಕಿ. ಗುಜ್ಜರಕೆರೆಯ ಬಾಗಿಲಲ್ಲಿ ಈ ಮೂರು ಅಂಕಿಗಳ ಬೋರ್ಡ್ ಹಾಕಿ, ವಾರಕ್ಕೊಮ್ಮೆ ಬದಲಿಸಿ. ಕಾರಂಜಿಗಿಂತ ಖರ್ಚು ಕಡಿಮೆ.

ಎದುರು ಮಾತುಗಳು ಬರುತ್ತವೆ, ಬರಲಿ. ಒಂದು, ತೀರ್ಥದಲ್ಲಿ ಈಜುವುದೇ ಎಂಬುದು. ದೇವಸ್ಥಾನದ ಒಳಗಿನ ಕೆರೆಯ ಸುದ್ದಿಗೆ ನಾವು ಹೋಗುವುದಿಲ್ಲ, ಅದು ಆಯಾ ದೇವಸ್ಥಾನಕ್ಕೆ ಬಿಟ್ಟದ್ದು. ಆದರೆ ತೀರ್ಥ ಎಂಬುದು ಮೀಯುವ ಜಾಗವೇ ತಾನೆ? ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಗೆ ಇಳಿದು ಮಿಂದೇ ಜನ ದೇವರ ಬಳಿಗೆ ಹೋಗುವುದು. ಚರಂಡಿ ನೀರು ಸೇರುವಾಗ ಆಗದ ಮೈಲಿಗೆ ಮಕ್ಕಳು ಇಳಿದರೆ ಆಗುತ್ತದೆ ಎನ್ನುವವರಿಗೆ ನಾವೇನು ಹೇಳುವುದು? ಮೈಲಿಗೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇವೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದಲ್ಲಿ ಸಾವಿರಾರು ಜನರ ಜೊತೆ ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಸಾರ್ವಜನಿಕ ಕೆರೆ ಎಂದರೆ ಎಲ್ಲರದ್ದು ಎಂದು ತೋರಿಸಲು. ಬೇಲಿ ಹಾಕಿ ಯಾರನ್ನೂ ಬಿಡದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ ಎಂಬ ಅನುಕೂಲವೂ ಕೆಲವರಿಗಿದೆ ಎಂದು ನಮಗೆ ಸಂಶಯ.

ಎರಡನೆಯದು ರೋಗದ ಭಯ, ಇದು ಸುಳ್ಳು ಭಯ ಅಲ್ಲ. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಕೇರಳದಲ್ಲಿ 2024, 2025ರಲ್ಲಿ ಕೆರೆ ಕೊಳದಲ್ಲಿ ಮಿಂದವರಿಗೆ ಅಮೀಬಾ ಮೆದುಳುಜ್ವರ ಬಂದು ಜೀವ ಹೋಯಿತು. ಬಿಸಿಯಾಗಿ ನಿಂತ ನೀರು ಮೂಗಿನ ಮೂಲಕ ಒಳಗೆ ಹೋದಾಗ ಅದು ಬರುತ್ತದೆ. ಹಾಗೆಂದೇ ಪರೀಕ್ಷೆ ಬೇಕು, ಬೇಸಗೆಯಲ್ಲಿ ನೀರು ಇಳಿದಾಗ ಮುಚ್ಚಬೇಕು, ಕೆಸರು ಕಲಕುವ ಜಾಗಕ್ಕೆ ಬಿಡಬಾರದು, ಮೂಗಿಗೆ ಕ್ಲಿಪ್ ಕೊಡಬೇಕು. ಇದನ್ನೆಲ್ಲ ಮಾಡಬಲ್ಲದ್ದು ಕಾವಲಿರುವ ಕೆರೆಯಲ್ಲಿ ಮಾತ್ರ. ಕೋರೆಯ ಹಸಿರು ನೀರಿಗೆ ಹಾರುವ ಹುಡುಗನಿಗೆ ಕ್ಲಿಪ್ ಕೊಡುವವರು ಯಾರು?

ಮೂರನೆಯದು ನಿಜವಾದ ಕಾರಣ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರಾದರೂ ಸತ್ತರೆ ಯಾರ ತಲೆಗೆ? ಬೋರ್ಡ್ ಹಾಕಿದರೆ ಅಧಿಕಾರಿ ಪಾರು. ‘ನೀರಿಗೆ ಇಳಿಯುವುದನ್ನು ನಿಷೇಧಿಸಲಾಗಿದೆ’ ಎಂಬ ಆ ತಗಡು ಯಾವ ಮಗುವನ್ನೂ ಉಳಿಸಿದ್ದಿಲ್ಲ, ಕಡತವನ್ನು ಉಳಿಸುತ್ತದೆ. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯುತ್ತಾರೆ ಎಂದು ಸರ್ಕಾರದ್ದೇ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಡುತ್ತದೆ. ಬೋರ್ಡುಗಳಿಗೇನೂ ಕೊರತೆ ಇರಲಿಲ್ಲ.

ಬಾಂಗ್ಲಾದೇಶ ನಮಗಿಂತ ಶ್ರೀಮಂತ ದೇಶವೇನಲ್ಲ. ಅಲ್ಲಿ ಹಳ್ಳಿಯ ಕೆರೆಯೊಳಗೆ ಬಿದಿರಿನ ಅಟ್ಟಣೆ ಕಟ್ಟಿ, ಮಕ್ಕಳಿಗೆ ಎಟಕುವ ಆಳದಲ್ಲಿ ಬಿದಿರಿನ ನೆಲ ಮಾಡಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಈಜು ಕಲಿಸುತ್ತಾರೆ. ಟೈಲ್ಸ್ ಇಲ್ಲ, ಕ್ಲೋರಿನ್ ಇಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಈಜು ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಮ್ಮಲ್ಲಿ ಬಿದಿರಿಗೂ ಅಡಿಕೆ ಮರಕ್ಕೂ ಬರವೇ?

ನೀರಿನ ಹಬ್ಬ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಟಿ ಬಂದರೆ ಊರೂರಲ್ಲಿ ‘ಕೆಸರ್ಡ್ ಒಂಜಿ ದಿನ’. ಗಂಡಸರು, ಹೆಂಗಸರು, ಪಂಚಾಯತ್ ಅಧ್ಯಕ್ಷರು ಎಲ್ಲ ಗದ್ದೆಯಲ್ಲಿ ಬಿದ್ದು ಏಳುತ್ತಾರೆ. ಉಪ್ಪಿನಂಗಡಿ, ಪುತ್ತೂರು ಕಂಬಳದ ಜೋಡುಕರೆಯಲ್ಲಿ ಕೋಣಗಳಿಗೆ ಪಾದ ಮುಳುಗುವ ನೀರನ್ನು ಎಷ್ಟು ನಾಜೂಕಾಗಿ ಹದ ಮಾಡುತ್ತಾರೆಂದು ನೋಡಿದವರಿಗೆ ಗೊತ್ತು. ಕೋಣಕ್ಕೆ ಕೊಡುವ ಗಮನದಲ್ಲಿ ಕಾಲು ಭಾಗ ಮಕ್ಕಳಿಗೆ ಸಿಕ್ಕಿದರೂ ಸಾಕು. ನಗರದವರು ಕೆರೆ ಉತ್ಸವ ಮಾಡುವುದಾದರೆ ಮಾಡಲಿ, ಲೇಸರ್ ದೀಪ ಮತ್ತು ಪೆಡಲ್ ದೋಣಿಯ ಗುತ್ತಿಗೆದಾರನನ್ನು ಕರೆಯುವ ಮೊದಲು ಕೆರೆಯ ಒಂದು ಮೂಲೆಗೆ ಹಗ್ಗ ಕಟ್ಟಿ, ಆಳ ಬರೆದು, ಮೆಟ್ಟಿಲು ಮಾಡಿ, ಇಬ್ಬರು ಜೀವರಕ್ಷಕರನ್ನು ಕೂರಿಸಲಿ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಇಡಲಿ, ಚೂಡಿದಾರದಲ್ಲೇ ಇಳಿಯಲು ಬಿಡಲಿ. ಟಿಕೆಟ್ ಬೇಡ.

ಮಂಗಳೂರು ಇದನ್ನು ಮಾಡಿದರೆ ನಮ್ಮ ಪಂಚಾಯತಿಗೆ ನೆವ ಉಳಿಯುವುದಿಲ್ಲ. 2022ರಲ್ಲಿ ಜಿಲ್ಲೆಗೆ 75ರಂತೆ ಅಮೃತ ಸರೋವರ ಮಾಡಲು ಕೇಂದ್ರ ಸರ್ಕಾರ ಹೇಳಿತು. ಹೂಳೆತ್ತಿ ಸರೋವರವಾದ ಕೆರೆಗೂ ನಗರದ್ದೇ ನಕಲು: ಬೇಲಿ, ಬೋರ್ಡ್, ಧ್ವಜಕಟ್ಟೆ. ನಿಮ್ಮೂರಲ್ಲಿ ಅಂಥ ಕೆರೆ ಇದ್ದರೆ ಮುಂದಿನ ಗ್ರಾಮಸಭೆಗೆ ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಈ ಕೆರೆಯ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಬೇಲಿಗೆ ಎಷ್ಟು ಖರ್ಚಾಯಿತು? ಅದೇ ಹಣದಲ್ಲಿ ಮೆಟ್ಟಿಲು, ಅಟ್ಟಣೆ, ಏಪ್ರಿಲ್ ತಿಂಗಳಿಗೊಬ್ಬ ಈಜು ಕಲಿಸುವವರು ಯಾಕಾಗಲಿಲ್ಲ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆ ಪುಟದ ಫೋಟೊ ನಮಗೆ ಕಳಿಸಿ. ಪರೀಕ್ಷೆ ಮುಗಿಯುವ ಮೊದಲು ಕಳಿಸಿ.