ಕೆರೆ ಮೀನು ಮೊಟ್ಟೆಯಿಡುವ ಕಾಲದಲ್ಲಿ ಬಲೆಗೆ ಬಿಡುವು ಕೋರಿ ಮನವಿ ಪತ್ರ

ಗೆ,
ಮಾನ್ಯ ನಿರ್ದೇಶಕರು,
ಮೀನುಗಾರಿಕೆ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು.

ವಿಷಯ: ಜಾಲಹಳ್ಳಿ ಸುತ್ತಲಿನ ಕೆರೆಗಳಲ್ಲಿ ಮೀನು ಹಿಡುವಳಿ ಆರಂಭಿಸುವ ದಿನವನ್ನು ಮೀನಿನ ಸಂತಾನೋತ್ಪತ್ತಿ ಕಾಲಕ್ಕೆ ಹೊಂದಿಸುವ ಬಗ್ಗೆ.

ಮಾನ್ಯರೇ,

ಜಾಲಹಳ್ಳಿ, ದೊಡ್ಡಬೊಮ್ಮಸಂದ್ರ, ಅಬ್ಬಿಗೆರೆ, ಚಿಕ್ಕಬಾಣಾವರ ಕೆರೆಗಳ ಆಸುಪಾಸಿನಲ್ಲಿ ಬದುಕುವ ನಾವು, ದಂಡೆಯ ಮನೆಗಳವರೂ ಬಲೆ ನಂಬಿದವರೂ ಸೇರಿ, ಈ ಮನವಿ ಸಲ್ಲಿಸುತ್ತಿದ್ದೇವೆ. ಪಾಶುವಾರಿಗೆ, ಅಂದರೆ ಮೀನು ಹಿಡಿಯುವ ಗುತ್ತಿಗೆಗೆ, ಕೊಟ್ಟ ಕೆರೆಯಲ್ಲಿ ಮೀನು ಮೊಟ್ಟೆಯಿಟ್ಟು ಮುಗಿಸಿದೆಯೇ ಎಂಬುದನ್ನು ನೋಡಿಯೇ ಬಲೆ ಇಳಿಸುವ ದಿನ ಗೊತ್ತುಪಡಿಸಬೇಕು ಎಂಬುದು ನಮ್ಮ ಮುಖ್ಯ ಬೇಡಿಕೆ.

ಕಡಲಿಗೆ ಈ ಕ್ರಮ ಹೊಸದಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ದಡ ಬಿಡುವುದಿಲ್ಲ. ಪೂರ್ವ ಕರಾವಳಿಯಲ್ಲಿ ಇದೇ 61 ದಿನದ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡು ಕಡಲಿಗೆ ಎರಡು ದಿನಾಂಕ ಸಾಧ್ಯವಾದ ಮೇಲೆ ಕೆರೆಗೂ ಅದರದೇ ದಿನಾಂಕ ಇರಬಹುದು. ಮಂಗಳೂರಿನ ಮಳೆಗಾಲವನ್ನು ತಂದು ಬೆಂಗಳೂರಿನ ಕೆರೆಗೆ ಹಚ್ಚಿದರೆ ಆಗದು. ನಮ್ಮಲ್ಲಿ ಮೇ ತಿಂಗಳಲ್ಲೇ ಗುಡುಗುಮಳೆ ಬಂದು ರಾಜಕಾಲುವೆ ತುಂಬಿ ಹರಿಯುತ್ತದೆ, ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ ಕಾಯುತ್ತದೆ.

ಕೆರೆ ಮೀನಿಗೆ ರಜೆ ಏಕೆ, ಹೇಗಿದ್ದರೂ ಮರಿ ತಂದು ಬಿಡುತ್ತೇವಲ್ಲ ಎಂಬ ಮಾತನ್ನು ನಾವು ಕೇಳಿದ್ದೇವೆ. ಕಾಟ್ಲಾ, ರೋಹು, ಮೃಗಾಲ್‌ಗಳ ಮಟ್ಟಿಗೆ ಅದು ನಿಜ. ಇವು ಹರಿಯುವ ಹೊಳೆಯ ಮೀನುಗಳು, ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಡಾ. ಹೀರಾಲಾಲ್ ಚೌಧುರಿ ಅವರು 1957ರ ಜುಲೈ 10ರಂದು ಪಿಟ್ಯುಟರಿ ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಈ ದೊಡ್ಡ ಮೀನುಗಳನ್ನು ಮೊಟ್ಟೆಯಿಡಿಸಿದ ಮೇಲೆಯೇ ಮರಿ ಎಲ್ಲೆಡೆ ಸಿಗುವಂತಾಯಿತು. ಆದರೆ ಪಕ್ಕೆಯಂಥ ಸಣ್ಣ ಮೀನುಗಳ ಮರಿಯನ್ನು ನಮ್ಮ ಕೆರೆಗೆ ಯಾರೂ ಕೊಂಡು ತಂದು ಬಿಡುವುದಿಲ್ಲ. ಅವು ತಾವೇ ಹುಟ್ಟಬೇಕು. ಹೊಸ ನೀರಿನ ವಾಸನೆ ಹಿಡಿದು, ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಕಾಲುವೆಯ ಬಾಯಿಗೂ ಹುಲ್ಲು ಮುಳುಗಿದ ಅಂಚಿಗೂ ಅವು ಏರಿ ಬರುತ್ತವೆ. ಮಲೆನಾಡಿನಲ್ಲಿ ಹತ್ತುಮೀನು ಎಂದು ಕಾದು ಹಿಡಿಯುವುದು ಇಂಥವನ್ನೇ. ಆ ಇಕ್ಕಟ್ಟಿನಲ್ಲಿ ಸೊಳ್ಳೆಪರದೆ ಅಡ್ಡ ಕಟ್ಟಿದವನ ಕೈಗೆ ಒಂದೇ ರಾತ್ರಿಯಲ್ಲಿ ಮುಂದಿನ ವರ್ಷದ ಮೀನೆಲ್ಲ ಸಿಗುತ್ತದೆ. ಕೊರಮೀನಿನ ಕಷ್ಟ ಇನ್ನೂ ಹೆಚ್ಚು. ಅದು ಜೊಂಡಿನ ನಡುವೆ ಗೂಡು ಮಾಡಿ, ಮರಿಗಳ ಗುಂಪಿನ ಕೆಳಗೇ ಸುತ್ತುತ್ತ ಕಾಯುತ್ತದೆ. ಮರಿಗಳು ಉಸಿರಿಗೆಂದು ಮೇಲೆದ್ದ ಜಾಗ ನೋಡಿ ಗಾಳ ಬಿಟ್ಟರೆ ತಾಯ್ತಂದೆ ಸಿಗುತ್ತವೆ, ಕಾವಲಿಲ್ಲದ ಮರಿಗಳು ಬೇರೆ ಮೀನಿನ ಪಾಲು.

ಪಾಶುವಾರು ಅವಧಿ ಫಸಲಿ ಲೆಕ್ಕದಲ್ಲಿ ಜೂನ್ 30ಕ್ಕೆ ಮುಗಿಯುವ ಕಡೆ ಗುತ್ತಿಗೆದಾರರು ಮೇ, ಜೂನ್‌ನಲ್ಲೇ ಕೆರೆ ಬಳಿದು ಹಿಡಿಯದೆ ವಿಧಿಯಿಲ್ಲ. ಇದರಲ್ಲಿ ಅವರ ದುರಾಸೆಗಿಂತ ಕರಾರಿನ ದಿನಾಂಕದ ತಪ್ಪೇ ದೊಡ್ಡದು.

ಆದ್ದರಿಂದ ಮೇ 15ರಿಂದ ಜುಲೈ 31ರವರೆಗೆ ಈ ಕೆರೆಗಳ ಅಂಚು, ಜೊಂಡು, ಕೋಡಿ ಮತ್ತು ಕಾಲುವೆ ಬಾಯಿಗಳಲ್ಲಿ ಯಾವ ಬಲೆಯನ್ನೂ ಗಾಳವನ್ನೂ ಹಾಕದಂತೆ ಆದೇಶಿಸಬೇಕು. ಜುಲೈ ಕೊನೆಯಲ್ಲಿ ಹೆಸರಘಟ್ಟದ ಮೀನು ವಿಜ್ಞಾನಿಗಳಿಂದ ಪರೀಕ್ಷಾ ಬಲೆ ಹಾಕಿಸಬೇಕು. ಬಂದ ಮೀನಿನಲ್ಲಿ ಮೊಟ್ಟೆ ಹೊತ್ತವೇ ಹೆಚ್ಚಿದ್ದರೆ ಆರಂಭವನ್ನು ಹದಿನೈದು ದಿನ ಮುಂದೂಡಿ, ಮತ್ತೆ ನೋಡಬೇಕು. ಈ ರಕ್ಷಣೆ ಜಿಲೇಬಿ ಮೀನಿಗೂ ಆಫ್ರಿಕನ್ ಕ್ಯಾಟ್‌ಫಿಶ್‌ಗೂ ಬೇಡ. ನಾಡಮೀನಿನ ಮರಿ ತಿಂದು ಬೆಳೆಯುವ ಕ್ಯಾಟ್‌ಫಿಶ್ ಅನ್ನು ಸಿಕ್ಕಾಗಲೆಲ್ಲ ತೆಗೆಯಿಸಬೇಕು.

ಬಲೆ ನಿಂತ ದಿನಗಳಲ್ಲಿ ಮನೆಯ ಒಲೆ ನಿಲ್ಲಬಾರದು. ಗುತ್ತಿಗೆ ಅವಧಿಯನ್ನು ಅಷ್ಟೇ ದಿನ ವಿಸ್ತರಿಸಿ, ಆ ದಿನಗಳ ಬಾಡಿಗೆಯನ್ನು ಮನ್ನಾ ಮಾಡಬೇಕು. ಮತ್ಸ್ಯ ಸಂಪದ ಯೋಜನೆಯಲ್ಲಿ ನಿಷೇಧದ ತಿಂಗಳುಗಳಿಗೆಂದು ಮೀನುಗಾರರ 1,500 ರೂಪಾಯಿಗೆ ಸರ್ಕಾರದ 3,000 ಸೇರಿಸಿ ಕೊಡುವ ನೆರವಿದೆ. ಕೆರೆಯಲ್ಲಿ ದುಡಿಯುವ ಬಡ ಕುಟುಂಬಗಳನ್ನೂ ಅದಕ್ಕೆ ಸೇರಿಸಬೇಕು. ಮೂರು ತಿಂಗಳಿಗೆ 4,500 ಸಾಲದು ಎಂಬುದನ್ನೂ ಇಲ್ಲೇ ಹೇಳುತ್ತೇವೆ.

ಮೊದಲ ಮಳೆಯ ಜೊತೆ ಕೊಳಚೆಯೂ ನುಗ್ಗಿ ಮೊಟ್ಟೆಯನ್ನು ಉಸಿರುಗಟ್ಟಿಸಿದರೆ ಬಲೆಯ ರಜೆ ವ್ಯರ್ಥ. ಕಾಲುವೆಗೆ ಸೇರುವ ಒಳಚರಂಡಿಯನ್ನು ಏಪ್ರಿಲ್ ಒಳಗೆ ತಿರುಗಿಸಲು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ತಾವು ಬರೆಯಬೇಕು.

1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮದ ಹೆಸರಿನಲ್ಲೇ ಸಂರಕ್ಷಣೆ ಮೊದಲು ಬರುತ್ತದೆ. ಮುಂದಿನ ಪಾಶುವಾರು ಪ್ರಕಟಣೆ ಹೊರಡುವ ಮೊದಲೇ ಈ ಷರತ್ತುಗಳನ್ನು ಅದರಲ್ಲಿ ಸೇರಿಸಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಜಾಲಹಳ್ಳಿ ಸುತ್ತಲಿನ ಕೆರೆ ದಂಡೆಯ ನಿವಾಸಿಗಳು ಮತ್ತು ಮೀನುಗಾರ ಕುಟುಂಬಗಳು