ದುರಸ್ತಿಯ ಹೊಣೆ ಕಾನೂನಿನಲ್ಲೇ ಇರಲಿ

ಬಾಡಿಗೆ ಮನೆಯ ತಾರಸಿ ಸೋರಿದರೆ, ಗೋಡೆ ಬಿರುಕು ಬಿಟ್ಟರೆ ಸರಿಪಡಿಸಬೇಕಾದವನು ಬಾಡಿಗೆ ಎಣಿಸಿಕೊಳ್ಳುವ ಮಾಲೀಕ. ಆದರೆ ದುರಸ್ತಿ ಕೇಳಿದವರಿಗೆ ಸಿಗುವ ಉತ್ತರ ಒಂದೇ: ‘ಇಷ್ಟ ಇದ್ದರೆ ಇರಿ, ಇಲ್ಲದಿದ್ದರೆ ಖಾಲಿ ಮಾಡಿ.’ ಈ ದರ್ಪಕ್ಕೆ ಬಲ ಕೊಟ್ಟಿರುವುದು ಕಾನೂನೇ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಒಂದು ಪರಿಹಾರ ಹೇಳುತ್ತದೆ. ಮಾಲೀಕ ಮಾಡಲು ಬದ್ಧನಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಆ ಬದ್ಧತೆ ಕರಾರಿನಲ್ಲಿ ಬರೆದಿರಬೇಕು, ಇಲ್ಲವೇ ಸ್ಥಳೀಯ ರೂಢಿಯಿಂದ ಸಾಬೀತಾಗಬೇಕು. ಹನ್ನೊಂದು ತಿಂಗಳ ಕರಾರು ಬರೆಸುವವನು ಮಾಲೀಕ. ಅದರಲ್ಲಿ ಅಡ್ವಾನ್ಸ್ ಇರುತ್ತದೆ, ಖಾಲಿ ಮಾಡುವಾಗ ಸುಣ್ಣ ಬಣ್ಣಕ್ಕೆ ಹಿಡಿದುಕೊಳ್ಳುವ ಹಣವೂ ಇರುತ್ತದೆ. ತಾರಸಿಯ ಮಾತು ಮಾತ್ರ ಇರುವುದಿಲ್ಲ. ಕರಾರಿನಲ್ಲಿ ಇಲ್ಲದ್ದನ್ನು ನಂಬಿ ಬಾಡಿಗೆ ಮುರಿದುಕೊಂಡವನೇ ಬಾಕಿದಾರನಾಗುತ್ತಾನೆ. ಕರಾರೇ ಇಲ್ಲದ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟಿಸ್ ಸಾಕು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಈ ಅನ್ಯಾಯವನ್ನು ಸರಿಪಡಿಸಲಿಲ್ಲ. ಅದರ ರಕ್ಷಣೆ ಅನುಸೂಚಿಯಲ್ಲಿ ಹೆಸರಿಸಿದ ಪ್ರದೇಶಗಳಿಗೆ ಮಾತ್ರ. ಅಲ್ಲೂ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಹೊರಗೆ. ಎರಡು ಸಾವಿರಕ್ಕೆ ಇಂದು ಯಾವ ಊರಿನಲ್ಲಿ ಸಂಸಾರ ಹೂಡುವಂಥ ಮನೆ ಸಿಗುತ್ತದೆ? ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರ ಜವನಗೊಂಡನಹಳ್ಳಿಯಂಥ ಊರಿಗೆ ವರ್ಗವಾಗಿ ಬರುವ ಶಿಕ್ಷಕಿ, ನರ್ಸ್, ಬ್ಯಾಂಕ್ ನೌಕರ ಎಲ್ಲರೂ ಬಾಡಿಗೆ ಮನೆಯವರೇ. ಶಾಸನ ಮಾಡುವವರ ಕಣ್ಣಿಗೆ ಬೆಂಗಳೂರು ಕಾಣುತ್ತದೆ, ಹೋಬಳಿ ಕಾಣುವುದಿಲ್ಲ.

‘ಬಯಲುಸೀಮೆಯಲ್ಲಿ ಮಳೆಯೆಲ್ಲಿ?’ ಎಂಬುದು ಮಾಲೀಕರ ಇನ್ನೊಂದು ನೆಪ. 2022ರಲ್ಲಿ ಇದೇ ತಾಲ್ಲೂಕಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಅಂಥ ಮಳೆಗೆ ತಾರಸಿಯ ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಗಾರೆಯ ಚಕ್ಕೆ ಕಳಚಿ ಮಂಚದ ಮೇಲೆ ಬೀಳುತ್ತದೆ, ಸ್ವಿಚ್ ಬೋರ್ಡಿಗೆ ತೇವ ಇಳಿಯುತ್ತದೆ. ಆ ಕಲೆಯ ಮೇಲೆ ಸುಣ್ಣ ಬಳಿದು ಮುಂದಿನ ಬಾಡಿಗೆದಾರನಿಗೆ ಕೀಲಿಕೈ ಕೊಡುವುದು ವಂಚನೆ.

ದಾರಿ ಸಿದ್ಧವಿದೆ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿ, ಸುಣ್ಣ ಬಣ್ಣ, ಪೈಪು, ವೈರಿಂಗ್‌ಗಳನ್ನು ಮಾಲೀಕನ ಪಾಲಿಗೆ ಹಾಕಿದೆ. ನಲ್ಲಿಯ ವಾಷರ್, ಸ್ವಿಚ್ಚುಗಳಂಥವು ಬಾಡಿಗೆದಾರನ ಪಾಲು. ಮಾಲೀಕ ಮಾಡದಿದ್ದರೆ ಬಾಡಿಗೆದಾರ ಮಾಡಿಸಿ ತಿಂಗಳ ಬಾಡಿಗೆಯ ಅರ್ಧದವರೆಗೆ ಮುರಿದುಕೊಳ್ಳಬಹುದು. ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಆದರೆ ಮಾದರಿ ಕಾಯ್ದೆ ತಾನಾಗಿ ಜಾರಿಯಾಗುವುದಿಲ್ಲ, ರಾಜ್ಯವೇ ಶಾಸನ ಮಾಡಬೇಕು. ಅದು ಹಳ್ಳಿಗಳಿಗೂ ಅನ್ವಯಿಸಬೇಕು, ಬಾಡಿಗೆಯ ಮೊತ್ತ ನೋಡಿ ಯಾರನ್ನೂ ಹೊರಗಿಡಬಾರದು.

ಅಲ್ಲಿಯವರೆಗೆ ಬಾಡಿಗೆದಾರರು ಸಹಿ ಹಾಕುವ ಮುನ್ನ ದುರಸ್ತಿಯ ಷರತ್ತನ್ನು ಕರಾರಿನಲ್ಲಿ ಬರೆಸಬೇಕು. ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಫೋಟೊ, ರಸೀದಿ ಇಟ್ಟುಕೊಳ್ಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ವಕೀಲರ ನೆರವು ಕೇಳಬಹುದು. ಇವು ತಾತ್ಕಾಲಿಕ ಆಸರೆಗಳಷ್ಟೇ. ದುರಸ್ತಿ ಮಾಲೀಕನ ಮರ್ಜಿಯಲ್ಲ, ಕರ್ತವ್ಯ ಎಂದು ಶಾಸನವೇ ಹೇಳಬೇಕು.