ಕೌಂಟರಿನವರೆಗೆ ಬಾರದ ಸಂಶೋಧನೆ

ಚೆನ್ನೈಯಲ್ಲಿ ಸಿಟ್ಟಿಗೆದ್ದವರು ಎದುರಾಳಿಯನ್ನು ಕೀಳ್ಪಾಕ್ಕಕ್ಕೆ ಕಳಿಸಬೇಕೆನ್ನುತ್ತಾರೆ; ನಮ್ಮ ಕಡೆ ಅದೇ ಮಾತಿಗೆ ಧಾರವಾಡ, ಇಲ್ಲವೇ ನಿಮ್ಹಾನ್ಸ್. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಎರಡೂ ಬೈಗುಳಗಳು ಬಾಯಿಪಾಠ. 1794ರಲ್ಲಿ ಮದರಾಸಿನಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆ ಇನ್ನೂರು ವರ್ಷ ದಾಟಿದ ಮೇಲೂ ಜನರ ನಾಲಿಗೆಯಲ್ಲಿ ಬೈಗುಳವಾಗಿಯೇ ಉಳಿದಿರುವುದೇಕೆ? ವಿಚಾರಗೋಷ್ಠಿಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ಜನರಲ್ಲಿ ಅರಿವಿಲ್ಲ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಇದು ಹೊಣೆಯನ್ನು ಜನರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಉತ್ತರ.

ಅರಿವಿಗೆ ಈ ನಗರದಲ್ಲಿ ಬರವಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೋವೈದ್ಯಶಾಸ್ತ್ರ ಕಲಿತ ಡಾ. ಶಾರದಾ ಮೆನನ್ ಕೀಳ್ಪಾಕ್ಕದ ಆಸ್ಪತ್ರೆಯನ್ನು 1961ರಿಂದ ಹದಿನೇಳು ವರ್ಷ ನಡೆಸಿ, 1984ರಲ್ಲಿ ಸ್ಕಾರ್ಫ್ ಸಂಸ್ಥೆಯನ್ನು ಕಟ್ಟಿದರು. ಮೊದಲ ಬಾರಿಗೆ ಸ್ಕಿಜೋಫ್ರೇನಿಯಾ ಕಾಣಿಸಿಕೊಂಡ 90 ರೋಗಿಗಳನ್ನು ಇದೇ ಊರಿನ ಸಂಶೋಧಕರು ದಶಕಗಳ ಕಾಲ ಬಿಡದೆ ಹಿಂಬಾಲಿಸಿ, ಹತ್ತು ವರ್ಷಗಳ ನಂತರ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡಿದ್ದರೆಂದು ತೋರಿಸಿದರು. ಅತ್ತ ನಮ್ಮ ಬಳ್ಳಾರಿಯಲ್ಲಿ, 1985ರಿಂದ 1990ರವರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಬಹುದೆಂದು ನಿಮ್ಹಾನ್ಸ್ ಮಾಡಿ ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೆ ಅದಾಗಿ ಇಪ್ಪತ್ತು ವರ್ಷಗಳ ನಂತರದ ರಾಷ್ಟ್ರೀಯ ಸಮೀಕ್ಷೆ (2015–16) ಹೇಳಿದ್ದು, ತೀವ್ರ ಮಾನಸಿಕ ಕಾಯಿಲೆಯುಳ್ಳವರಲ್ಲಿಯೂ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು. ದಾರಿ ಗೊತ್ತಿದ್ದೂ ನಡೆಯದವರನ್ನು ಅಜ್ಞಾನಿಗಳೆಂದು ಕರೆಯಲಾಗದು.

ಎಚ್ಚರಿಸಲು ಹೆಣಗಳೇ ಬೇಕಾದವು. 2001ರ ಆಗಸ್ಟ್ 6ರ ಬೆಳಗಿನ ಜಾವ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಸರಪಳಿ ಕಟ್ಟಿದ್ದ 28 ರೋಗಿಗಳು ಬೆಂಕಿಯಿಂದ ಓಡಲಾಗದೆ ಸುಟ್ಟು ಸತ್ತರು. ಸರ್ವೋಚ್ಚ ನ್ಯಾಯಾಲಯ ತಾನಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ರೋಗಿಗೆ ಸರಪಳಿ ಬಿಗಿಯಬಾರದೆಂಬ ಮಾತು ಸಂಸತ್ತಿನ ಕಾಯಿದೆಯೊಳಗೆ ಬರಲು ಆಮೇಲೂ 2017ರವರೆಗೆ ಕಾಯಬೇಕಾಯಿತು.

ಜೇನ್ ಐರ್ ಕಾದಂಬರಿಯ ಉಪ್ಪರಿಗೆಯಲ್ಲಿ ಕೂಡಿಹಾಕಲಾದ ಬರ್ಥಾಳ ಬಗ್ಗೆ ಎಂ.ಎ. ತರಗತಿಯಲ್ಲಿ ಹಾಳೆಗಟ್ಟಲೆ ಬರೆದವರು ನಾವು. ನಮ್ಮದೇ ಬೀದಿಯ ಮೂರನೆಯ ಮಹಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಹೊರಗೆ ಬಾರದ ಮಗನಿದ್ದಾನೆಂದು ತಿಳಿದದ್ದು ಅವನ ತಂದೆ ತೀರಿಕೊಂಡ ಮೇಲೆ. ತಂದೆ ಕೇಂದ್ರ ಸರಕಾರದ ನಿವೃತ್ತ ನೌಕರರು, ಉಡುಪಿಯ ಕಡೆಯವರು. ಕುಟುಂಬ ಪಿಂಚಣಿ ಈಗ ತಾಯಿಗೆ ಬರುತ್ತಿದೆ. ಎಪ್ಪತ್ತು ದಾಟಿದ ಆಕೆಗೆ ಒಂದೇ ಚಿಂತೆ. "ನಾನು ಹೋದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು ಮಾರಾಯ್ರೇ?"

ನಿಯಮದಲ್ಲಿ ಉತ್ತರವಿದೆ. ಮಾನಸಿಕ ಅಸ್ವಸ್ಥತೆಯಿಂದಾಗಿ ದುಡಿದು ಬದುಕಲಾಗದ ಮಗ ಅಥವಾ ಮಗಳಿಗೆ ಕುಟುಂಬ ಪಿಂಚಣಿ ಸಲ್ಲಬೇಕು; ಅವರ ಪರವಾಗಿ ಹಣ ಪಡೆಯುವವರನ್ನು ಹೆತ್ತವರೇ ನಾಮನಿರ್ದೇಶನ ಮಾಡಬಹುದು. ಹಾಗೆ ಮಾಡಿದ್ದರೆ ನ್ಯಾಯಾಲಯದ ಪೋಷಕತ್ವ ಪತ್ರ ಕೇಳುವಂತಿಲ್ಲ. ಕೌಂಟರಿನಲ್ಲಿ ಆಕೆಗೆ ಕೇಳಿದ್ದು ಅದನ್ನೇ. ಮೂರು ಸಲ ಹೋದರು, ಮೂರು ಸಲವೂ ಬರಿಗೈಯಲ್ಲಿ ಬಂದರು. ಅಲ್ಲಿ ಕೂತಿದ್ದವರು ದುಷ್ಟರೇನಲ್ಲ. ನಿಯಮ ಅವರಿಗೆ ತಲುಪಿರಲಿಲ್ಲ. ಕಡತದ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಪಕ್ಕಕ್ಕೆ ಸರಿಸುವ ಕೈ ನಮ್ಮದೂ ಹೌದಾದ್ದರಿಂದ ಇದನ್ನು ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಸಂಶೋಧನೆ ಕಚೇರಿಯ ಮೇಜನ್ನು ತಲುಪಿದ ಉದಾಹರಣೆಯೇ ಇಲ್ಲವೆಂದಲ್ಲ. 1995ರ ಕಾಯಿದೆ ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯವೆಂದು ಹೆಸರಿಸಿತು, ಅಳೆಯುವ ಬಗೆಯನ್ನು ಹೇಳಲಿಲ್ಲ. ಮನೋವೈದ್ಯರು 'ಐಡಿಯಾಸ್' ಎಂಬ ಮಾಪಕವನ್ನು ರೂಪಿಸಿದರು: ತನ್ನ ಮೈ ತಾನು ನೋಡಿಕೊಳ್ಳುವುದು, ಇತರರೊಡನೆ ಬೆರೆಯುವುದು, ಮಾತು-ತಿಳಿವಳಿಕೆ, ದುಡಿಮೆ ಎಂಬ ನಾಲ್ಕು ಅಂಶಗಳು. 2002ರಲ್ಲಿ ಸರಕಾರ ಅದನ್ನು ಅಧಿಸೂಚನೆಗೆ ಸೇರಿಸಿತು. ಅಂದಿನಿಂದ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಒಂದು ಅಳತೆಗೋಲು ದೊರೆಯಿತು. ಒಮ್ಮೆ ಸಾಧ್ಯವಾದದ್ದು ಮತ್ತೆ ಏಕಾಗಬಾರದು? ಎಷ್ಟು ರೋಗಿಗಳೆಂಬ ಎಣಿಕೆ ಸಾಕಷ್ಟಾಗಿದೆ. ಪ್ರಮಾಣಪತ್ರ ಕೈಯಲ್ಲಿದ್ದೂ ಎಷ್ಟು ಮಂದಿ ಯಾವ ಕೌಂಟರಿನಿಂದ, ಯಾವ ಕಾಗದಕ್ಕಾಗಿ ಹಿಂದಿರುಗಿದರೆಂದು ಎಣಿಸುವ ಸಂಶೋಧನೆ ಇನ್ನು ನಡೆಯಲಿ. ಅದಕ್ಕೆ ಅನುದಾನವನ್ನು ನಿಯಮ ಮಾಡುವ ಇಲಾಖೆಗಳೇ ಕೊಡಲಿ, ವರದಿಗೆ ಉತ್ತರವನ್ನೂ ಅವೇ ಕೊಡಲಿ.

ಹೊರನಾಡ ಕನ್ನಡಿಗರ ಸಂಘಗಳ ಮೇಲೂ ನಮಗೆ ಮುನಿಸಿದೆ. ಆ ತಾಯಿ ತಮಿಳಿನಲ್ಲಿ ತರಕಾರಿ ಕೊಳ್ಳಬಲ್ಲರು. ಮಗನಿಗೆ ಕೇಳಿಸುವ ದನಿಗಳ ಬಗ್ಗೆ ವೈದ್ಯರಿಗೆ ತಮಿಳಿನಲ್ಲಿ ಹೇಳಲಾರರು. ಜೊತೆಗೆ ಹೋಗಿ ಮಾತನ್ನು ದಾಟಿಸುವ ಒಬ್ಬರನ್ನು ಒದಗಿಸಲು ರಾಜ್ಯೋತ್ಸವದ ಪೆಂಡಾಲಿನಷ್ಟು ಖರ್ಚು ಬೇಕಾಗದು. ದೂರವಾಣಿಯಲ್ಲಿ 14416ಕ್ಕೆ ಕರೆಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡವೂ ಸಿಗುತ್ತದೆಂದು ನಮ್ಮ ಯಾವ ಆಮಂತ್ರಣಪತ್ರದ ಕೊನೆಯಲ್ಲಾದರೂ ಅಚ್ಚಾಗಿದೆಯೇ?

ಪಿಂಚಣಿ ನಿಯಮದ ಆ ಪುಟವನ್ನು ಮುದ್ರಿಸಿಕೊಂಡು ಬರುವ ಸೋಮವಾರ ಆಕೆಯೊಡನೆ ನಾಲ್ಕನೆಯ ಸಲ ಹೋಗುವವರಿದ್ದೇವೆ. ಬಳಗದ ಇನ್ನಾರಿಗಾದರೂ ಬೇಕಿದ್ದರೆ ಹೇಳಿ, ಇನ್ನೊಂದು ಪ್ರತಿ ತೆಗೆದಿಡುತ್ತೇವೆ.